ಗಾದ್ರಮ್ಮನ ಕಪ್ಪೆ ಚಾಕಿ

ಬೆಳಗಿನ ಐದೂವರೆ. ನ್ಯಾಮತಿಯಿಂದ ಸವಳಂಗದ ಕಡೆ ಹೋಗುವ ಮೊದಲ ಬಸ್ಸು ರಸ್ತೆಯಲ್ಲಿ ಹಾರ್ನ್ ಬಾರಿಸುವ ಹೊತ್ತಿಗೆ ಗಾದ್ರಮ್ಮ ಆಗಲೇ ಎರಡು ಸಲ ಕೈ ತೊಳೆದುಕೊಂಡಿದ್ದಾರೆ. ಸೋಪು ಹಾಕಿ ಅಲ್ಲ, ಬರೀ ನೀರಲ್ಲಿ. ಕಿಟಕಿಗೆ ಇಳಿಬಿಟ್ಟ ಗೋಣಿಚೀಲಕ್ಕೆ ಒಂದು ಬಕೆಟ್ ನೀರು ಎರಚಿ, ಚಪ್ಪಲಿ ಹೊರಗೇ ಬಿಟ್ಟು, ಬಾಗಿಲನ್ನು ಮೈ ತೂರುವಷ್ಟೇ ತೆರೆದು ಒಳಗೆ ಸರಿಯುತ್ತಾರೆ. ಒಳಗಿನ ತಂಪಿನಲ್ಲಿ ಯಾವುದೋ ಹಕ್ಕಿ ಸಣ್ಣಗೆ ಸಿಳ್ಳೆ ಹಾಕುತ್ತಿದೆ. ಹಕ್ಕಿಯಲ್ಲ ಅದು, ಕಪ್ಪೆ.

ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು. ದೊಡ್ಡದರಲ್ಲಿ ತಾಯಿ ತಂದೆಯರು, ಹಳದಿ ಮೈಗೆ ಕಪ್ಪು ಪಟ್ಟೆಯವು, ಹೆಬ್ಬೆರಳಿಗಿಂತ ಕೊಂಚ ದೊಡ್ಡವು. ಕೆಳಗಿನ ಸಣ್ಣ ಡಬ್ಬಿಯಲ್ಲಿ ಒದ್ದೆ ಪಾಚಿ, ಒಣ ಎಲೆ, ಅದರ ನಡುವೆ ಕಿರುಬೆರಳ ಉಗುರಿನಷ್ಟೇ ಇರುವ ಮರಿಗಳು. ಗಾದ್ರಮ್ಮ ಮೊಣಕಾಲೂರಿ ಎಣಿಸುತ್ತಾರೆ. ಒಂದು ಇಲ್ಲಿ, ಎರಡು ಅಲ್ಲಿ, ಎಣಿಸಿದ್ದು ಎಣಿಸದ್ದರ ಮೇಲೆ ಹಾರುತ್ತದೆ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಎಂಬ ಮಾತು ಹುಟ್ಟಿಸಿದವನು ಇವರನ್ನು ನೋಡಿದ್ದರೆ ಕೈಮುಗಿದು ಹೋಗುತ್ತಿದ್ದ. ಎಂಟಾಯಿತು. ಒಂಬತ್ತನೆಯದು ಇಲ್ಲ. ಒಂದು ಎಲೆಯನ್ನು ಕೋಳಿಪುಕ್ಕದಿಂದ ಮೆಲ್ಲಗೆ ಎತ್ತುತ್ತಾರೆ.

“ಐತೆ,” ಎನ್ನುತ್ತಾರೆ. ಅವರ ದಿನ ಶುರುವಾಗುವುದು ಆಮೇಲೆ.

ಐವತ್ತಮೂರು ವರ್ಷದ ಗಾದ್ರಮ್ಮ ಜಗಳೂರು ಕಡೆಯವರು. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡರು, ಮಕ್ಕಳಿಲ್ಲ. ಇಪ್ಪತ್ತೆರಡು ವರ್ಷ ದುಡಿದದ್ದು ಒಂದು ಚಾಕಿ ಮನೆಯಲ್ಲಿ. ಚಾಕಿ ಎಂದರೆ ರೇಷ್ಮೆಹುಳುವಿನ ಎಳೆಯ ಕೂಸುಗಳನ್ನು ಸಾಕುವ ಕೆಲಸ. ಮೊಟ್ಟೆಯೊಡೆದ, ಕೂದಲಿನಷ್ಟು ಸಣ್ಣ ಹುಳುಗಳಿಗೆ ಎಳೆ ಸೊಪ್ಪು ಹೆಚ್ಚಿ ಹಾಕಿ, ಹದವಾದ ತಂಪಿನಲ್ಲಿಟ್ಟು, ರೈತರ ಕೈಗೆ ಒಪ್ಪಿಸಬೇಕು. ಆ ಮನೆಗೆ ಪೌಡರ್ ಬಳಿದುಕೊಂಡು ಹೋಗುವಂತಿಲ್ಲ, ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ, ಕಂಡವರನ್ನು ಒಳಗೆ ಬಿಡುವಂತಿಲ್ಲ. ಚಾಕಿ ಮನೆ ಒಡೆದು ಅದರ ಯಜಮಾನರು ಸೈಟು ಮಾಡಿ ಮಾರಿದಾಗ ಗಾದ್ರಮ್ಮನಿಗೆ ದಿಕ್ಕೇ ತೋಚಲಿಲ್ಲ.

ಆಗ ನೆನಪಿಟ್ಟು ಕರೆಸಿಕೊಂಡವರು ಮಲ್ಲಿಕಾರ್ಜುನಪ್ಪ ಮೇಷ್ಟ್ರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವರು, ಒಮ್ಮೆ ಹುಡುಗರನ್ನು ಕರೆದುಕೊಂಡು ಚಾಕಿ ಮನೆ ನೋಡಲು ಹೋಗಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಹತ್ತಿದ ಹುಚ್ಚು ಈ ಡಾರ್ಟ್ ಕಪ್ಪೆ. ದಕ್ಷಿಣ ಅಮೆರಿಕದ ಕಾಡಿನ ಜಾತಿ, ಆದರೆ ಇವು ಪೆಟ್ಟಿಗೆಯಲ್ಲೇ ಹುಟ್ಟಿದವು. ಸಾಕುವುದಕ್ಕೆ ಬೇಕಾದ ನೋಂದಣಿ ಕಾಗದವನ್ನು ಮೇಷ್ಟ್ರು ದೇವರ ಪಟದ ಪಕ್ಕದಲ್ಲೇ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. “ಓದಿದವರು ಎಷ್ಟೋ ಮಂದಿ ಸಿಗ್ತಾರೆ. ಎಳೇ ಜೀವ ಮುಟ್ಟೋ ಕೈ ಸಿಗಲ್ಲ” ಎನ್ನುವುದು ಅವರ ಸಮರ್ಥನೆ. ಕಪ್ಪೆ ಕೋಣೆಯ ಮಗ್ಗುಲಿನ ಕೋಣೆಯೇ ಈಗ ನಾಲ್ಕು ವರ್ಷದಿಂದ ಗಾದ್ರಮ್ಮನ ಮನೆ.

ಕೆಲಸ ನೋಡುವುದಕ್ಕೆ ಹಗುರ, ಮಾಡಿದವರಿಗೆ ಗೊತ್ತು ಅದರ ಭಾರ. ಕಪ್ಪೆ ಮೊಟ್ಟೆ ಇಡುವುದು ಬೋರಲು ಹಾಕಿದ ತೆಂಗಿನ ಚಿಪ್ಪಿನ ಕೆಳಗೆ. ಒಡೆದು ಬಂದ ಗೊದಮೊಟ್ಟೆಗಳನ್ನು ಒಂದೊಂದನ್ನೂ ಬೇರೆ ಬೇರೆ ಲೋಟದಲ್ಲಿಡಬೇಕು, ಒಟ್ಟಿಗಿಟ್ಟರೆ ಒಂದನ್ನೊಂದು ಕಚ್ಚಿ ತಿನ್ನುತ್ತವೆ. ಲೋಟದ ನೀರಿಗೆ ಕಾಡುಬಾದಾಮಿಯ ಒಣ ಎಲೆಯ ತುಂಡು. ಕಾಲು ಮೂಡಿ ಬಾಲ ಕರಗುವ ಹೊತ್ತಿಗೆ ಲೋಟವನ್ನು ಓರೆ ಮಾಡಿಡಬೇಕು, ಇಲ್ಲದಿದ್ದರೆ ದಡ ಸಿಗದೆ ನೀರಿನ ಜೀವ ನೀರಲ್ಲೇ ಮುಳುಗಿ ಸಾಯುತ್ತದೆ. ಇಷ್ಟಕ್ಕೆ ಎರಡೂವರೆ ಮೂರು ತಿಂಗಳು. ಮರಿಗಳ ಹೊಟ್ಟೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಹಾರಲಾರದ ಹಣ್ಣಿನ ನೊಣ. ಆ ನೊಣಗಳನ್ನೂ ಗಾದ್ರಮ್ಮನೇ ಬಾಳೆಹಣ್ಣು ಬೆಲ್ಲ ಕಿವುಚಿ ಬಾಟಲಿಯಲ್ಲಿ ಬೆಳೆಸುತ್ತಾರೆ. ದಿನಕ್ಕೆ ಎರಡು ಸಲ ಊಟ, ನಾಲ್ಕು ಸಲ ನೀರಿನ ಸಿಂಪಡಿಕೆ, ಆರು ಸಲ ಥರ್ಮಾಮೀಟರ್. ಇಪ್ಪತ್ತೈದರ ಸುತ್ತಮುತ್ತ ಇರಬೇಕು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಅದನ್ನು ಕೇಳುವುದಿಲ್ಲ, ಅದಕ್ಕೇ ಗೋಣಿಚೀಲ.

ಇಷ್ಟೆಲ್ಲ ಮಾಡುವ ಗಾದ್ರಮ್ಮನ ಕೈಯಿಂದ ಬೀದಿಯವರು ಒಂದು ಲೋಟ ನೀರು ಕುಡಿಯುವುದಿಲ್ಲ. ಕಾಡಿನ ಡಾರ್ಟ್ ಕಪ್ಪೆಯ ಮೈಯಲ್ಲಿ ವಿಷವಿರುತ್ತದೆ ಎಂದು ಯಾರದೋ ಮೊಬೈಲಿನಲ್ಲಿ ಬಂದದ್ದೇ ಸಾಕಾಯಿತು. ಆ ವಿಷ ಅಲ್ಲಿನ ಇರುವೆ ತಿಂದು ಬರುವುದು, ನೊಣ ತಿಂದು ಬೆಳೆದ ಈ ಮರಿಗಳಿಗೆ ಅದಿಲ್ಲ ಎಂದು ಮೇಷ್ಟ್ರು ಹೇಳಿ ಹೇಳಿ ಸೋತರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಹಾಲು ಹಾಕುವ ಪುಷ್ಪಾ ಪಾಕೀಟನ್ನು ಕಾಂಪೌಂಡಿನ ಮೇಲಿಟ್ಟು ಅಲ್ಲಿಂದಲೇ ಕೂಗುತ್ತಾರೆ. “ಅಕ್ಕ ಒಳ್ಳೇರೇ. ಆದ್ರೆ ಮನ್ಯಾಗೆ ಸಣ್ಣ ಮಕ್ಕಳು ಅದಾವೆ, ಹೆದರಿಕೆ ಆಗ್ತತಿ ನೋಡ್ರಿ” ಎಂಬುದು ಪುಷ್ಪಾ ಮಾತು. ಹೊನ್ನಾಳಿಯಲ್ಲಿರುವ ತಂಗಿ ಕೂಡ ಬಂದವಳು ಜಗಲಿಯಲ್ಲೇ ಕೂತು ಎದ್ದು ಹೋದಳಂತೆ.

“ಮೊದಮೊದಲು ಅಳು ಬರಾದು,” ಎನ್ನುತ್ತಾರೆ ಗಾದ್ರಮ್ಮ. “ಆಮೇಲೆ ಇವುಗಳ ಜೋಡೀನೇ ಮಾತಾಡಾಕೆ ಶುರು ಮಾಡಿದೆ. ತಿರುಗಿ ಮಾತಾಡಲ್ಲ, ಅದೊಂದೇ ಕೊರತೆ.”

ತಿರುಗಿ ಮಾತಾಡುವ ಒಬ್ಬರಿದ್ದರು, ಮೇಷ್ಟ್ರು. ಬೆಳಿಗ್ಗೆ ಸಂಜೆ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು, ಯಾವ ಮರಿ ತಿಂದಿತು, ಯಾವುದು ಬಿಟ್ಟಿತು ಎಂದು ಚರ್ಚೆ ಮಾಡುತ್ತಿದ್ದರು. ಒಂದು ವರ್ಷದಿಂದ ಅವರು ಹೊಸ್ತಿಲು ದಾಟಿಲ್ಲ. ಏಕೆಂದು ಮಹಡಿಯ ಮೇಲೆ ಕೂತು ಅವರೇ ಹೇಳುತ್ತಾರೆ.

“ಹೋದ ಸಲದ ಬೇಸಿಗೆ. ಹನ್ನೊಂದು ಮರಿ ಇದ್ವು. ನಾನು ಚನ್ನಗಿರಿಗೆ ಮದುವೆಗೆ ಹೋಗಿದ್ದೆ, ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕೋದು ಮರೆತಿದ್ದೆ. ಕರೆಂಟು ಹೋಯ್ತು, ಫ್ಯಾನ್ ನಿಂತಿತು, ಸೆಕೆಗೆ ಅಷ್ಟೂ ಸತ್ತವು. ನನ್ನ ಮರೆವು ಕೊಂದಿದ್ದು. ಅವತ್ತೇ ಗಾದ್ರಮ್ಮನಿಗೆ ಹೇಳಿದೆ, ನನ್ನ ಕೈ ಸರಿಯಿಲ್ಲ, ಇನ್ನು ನೀವೇ ನೋಡ್ಕೊಳ್ರಿ ಅಂತ.”

ಅಷ್ಟರಲ್ಲಿ ಚಾ ತಂದ ಗಾದ್ರಮ್ಮ ಲೋಟಗಳನ್ನು ಕೈಗೆ ಕೊಡದೆ ಮೇಲಿನ ಮೆಟ್ಟಿಲ ಮೇಲೇ ಇಟ್ಟುಬಿಡುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅವರು ತಲೆಯೆತ್ತದೆ ಮೆಟ್ಟಿಲಿಳಿದು ಹೋಗುತ್ತಾರೆ. ಹಿಂದೆಯೇ ಹೋದರೆ, ಕಪ್ಪೆ ಕೋಣೆಯ ಮೂಲೆಯಲ್ಲಿ ನಿಂತು, ಅಟ್ಟದ ಮೇಲಿನ ಒಂದು ಹಳೇ ಡಬ್ಬಿಯನ್ನು ತೋರಿಸುತ್ತಾರೆ. ಅದರಲ್ಲಿ ಸುಣ್ಣದ ಪುಡಿ ಇದೆ.

“ಸೆಕೆ ಅಲ್ರೀ. ನಾನು.”

ರೇಷ್ಮೆಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಅಲ್ಲಾಡದೆ ಕೂರುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಹಾಸಿಗೆ ಒಣಗಿರಲೆಂದು ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುವುದು ಪದ್ಧತಿ. ಗಾದ್ರಮ್ಮ ಇಪ್ಪತ್ತೆರಡು ವರ್ಷ ಉದುರಿಸಿದ್ದರು. ಅವತ್ತು ಹನ್ನೊಂದು ಮರಿಗಳೂ ಬಾಲ ಕರಗಿ ದಡಕ್ಕೆ ಬಂದು, ಏನೂ ತಿನ್ನದೆ ಎಲೆಯ ಕೆಳಗೆ ಕೂತಿದ್ದವು. ಕೇಳೋಣವೆಂದರೆ ಮೇಷ್ಟ್ರು ಊರಲ್ಲಿಲ್ಲ.

“ಜ್ವರಕ್ಕೆ ಕುಂತಾವೆ ಅಂದ್ಕಂಡೆ. ನೊಣಕ್ಕೆ ದಿನಾ ಬಿಳೀ ಕ್ಯಾಲ್ಸಿಯಂ ಪುಡಿ ಹಚ್ಚಿ ಹಾಕ್ತಿದ್ದೆ, ಸುಣ್ಣಾನೂ ಬೆಳ್ಳಗೇ ಐತಲ್ಲ. ಒಂದು ಚಿಟಿಕಿ ಉದುರಿಸಿದೆ. ಅವಕ್ಕೆ ಚರ್ಮಾನೇ ಉಸಿರಂತೆ, ಆಮೇಲೆ ಗೊತ್ತಾತು. ಕರೆಂಟು ಹೋಗಿದ್ದು ಮಧ್ಯಾಹ್ನದ ಮ್ಯಾಲೆ. ಅಷ್ಟ್ರಾಗೆ ಎಲ್ಲಾ ಮುಗಿದಿತ್ತು.”

ಪಾಚಿ ತೊಳೆದು, ಡಬ್ಬಿ ಒರೆಸಿ, ಸತ್ತ ಮರಿಗಳನ್ನು ಎಲೆಯ ಮೇಲೆ ಸಾಲಾಗಿ ಇಟ್ಟಿದ್ದರು. ಸಂಜೆ ಬಂದ ಮೇಷ್ಟ್ರು ನಿಂತ ಫ್ಯಾನ್ ನೋಡಿ ತಲೆ ಚಚ್ಚಿಕೊಂಡರು. ಅಲ್ಲ ಸಾರ್ ಎನ್ನಲು ಗಾದ್ರಮ್ಮನ ನಾಲಿಗೆ ಏಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕೋಣೆ, ಕೋಣೆಯ ಜೊತೆ ಮರಿಗಳು. ನಾಳೆ ಹೇಳೋಣ ಎಂದುಕೊಂಡರು. ಮರುದಿನದಿಂದ ಮೇಷ್ಟ್ರು ಹೊಸ್ತಿಲಲ್ಲೇ ನಿಂತು “ಎಲ್ಲ ಸರಿ ಐತೇನ್ರಿ?” ಎಂದು ಕೇಳಿ ಹೋಗತೊಡಗಿದರು. ತಮ್ಮೊಬ್ಬರನ್ನು ಉಳಿಸಿಕೊಳ್ಳಲು ಹೇಳದೆ ಬಿಟ್ಟ ಮಾತು, ತಮ್ಮ ಜೊತೆ ಕೂತು ಮಾತಾಡುತ್ತಿದ್ದ ಒಬ್ಬರನ್ನೂ ದೂರ ಮಾಡಿತು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ಕೊಡಲಾರದು.

ಈ ಸಲದ ಒಂಬತ್ತು ಮರಿಗಳೂ ದಡ ಹತ್ತಿದ ಮೊದಲ ಮೂರು ದಿನ ಹಾಗೆಯೇ ಕೂತಿದ್ದವಂತೆ. ಗಾದ್ರಮ್ಮ ಏನೂ ಮಾಡಲಿಲ್ಲ. ಬರೀ ಮಂಜಿನ ಹಾಗೆ ನೀರು ಸಿಂಪಡಿಸಿ, ಡಬ್ಬಿಯ ಮುಂದೆ ಕೂತರು. “ಏನೂ ಮಾಡದೆ ಕುಂದರಾದು ಎಷ್ಟು ಕಷ್ಟ ಅಂತ ಅವತ್ತು ತಿಳೀತು ನೋಡ್ರಿ.” ನಾಲ್ಕನೇ ದಿನ ಒಂದು ಮರಿ ನಾಲಿಗೆ ಚಾಚಿ ಹುಳ ಹಿಡಿಯಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಈಗ ಅವು ದಡ ಹತ್ತಿ ಐವತ್ತು ದಿನ ತುಂಬಿದೆ.

ಸುಣ್ಣದ ಡಬ್ಬಿಯನ್ನು ಯಾಕೆ ಎಸೆದಿಲ್ಲ ಎಂದು ಕೇಳಿದರೆ, “ದಿನಾ ಕಾಣ್ಲಿ ಅಂತ” ಎನ್ನುತ್ತಾರೆ. ನೀವು ಬೇಡವೆಂದರೆ ಈ ವಿಷಯವನ್ನು ಪೇಪರಿನಲ್ಲಿ ಬರೆಯುವುದಿಲ್ಲ ಎಂದು ಹೇಳಿದಾಗ ಮಾತ್ರ ಅವರು ಸಿಂಪಡಿಸುವ ಬಾಟಲಿಯನ್ನು ಕೆಳಗಿಡುತ್ತಾರೆ.

“ಬರೀರಿ. ಬರೀಲಿ ಅಂತಾನೇ ಹೇಳಿದ್ದು. ಭಾನುವಾರದ ಪೇಪರ್ ಬಂದ್ರೆ ಮೇಷ್ಟ್ರು ಕನ್ನಡಕ ಒರಸ್ಕಂಡು ಒಂದಕ್ಷರ ಬಿಡದಂಗೆ ಓದ್ತಾರೆ. ವರ್ಷದಿಂದ ಬಾಯಿ ತನಕ ಬಂದಿದ್ದು ವಾಪಸ್ ಹೋಗ್ತೈತೆ. ನನ್ನ ಕೈಲಿ ಹೇಳಾಕೆ ಆಗಲಿಲ್ಲ, ನೀವು ಹೇಳ್ರಿ.”

ಕೆಲಸ ಬಿಡಿಸಿದರೆ?

“ಬಿಡಿಸ್ಲಿ, ಅದು ಅವರಿಷ್ಟ. ನೊಣ ಹೆಂಗೆ ಬೆಳಸಾದು ಅಂತ ಬರೋರಿಗೆ ಹೇಳಿಕೊಟ್ಟೇ ಹೋಗ್ತೀನಿ. ಅವರ ಕೈಯಾಗೆ ಏನೂ ತಪ್ಪಿಲ್ಲ ಅಂತ ಅವರಿಗೆ ಗೊತ್ತಾಗ್ಲಿ. ಒಳಗೆ ಬಂದು ಆ ಸ್ಟೂಲಿನ ಮ್ಯಾಲೆ ಕುಂತ್ಕಳ್ಳಲಿ.” ಸ್ಟೂಲು ಮೂಲೆಯಲ್ಲಿದೆ. ಅದರ ಮೇಲೆ ಒಂದು ಚೂರೂ ಧೂಳಿಲ್ಲ.

ಬಿಸಿಲು ಏರುತ್ತಿದೆ. ಗಾದ್ರಮ್ಮ ಗೋಣಿಚೀಲಕ್ಕೆ ಇನ್ನೊಂದು ಬಕೆಟ್ ನೀರು ಎರಚಿ, ಬಾಗಿಲವರೆಗೂ ಬಂದು, ನೆನಪಾದವರಂತೆ ನಿಲ್ಲುತ್ತಾರೆ.

“ಒಂಬತ್ತು ಬದುಕ್ಯಾವೆ ಅಂತಾನೂ ಬರೀರಿ. ಆದ್ರೆ ಅದನ್ನ ಆಮೇಲೆ ಬರೀರಿ. ಮೊದ್ಲು ಹನ್ನೊಂದು.”