ಹಗ್ಗದ ಇನ್ನೊಂದು ತುದಿ

ಆರ್ಗಿರಿಸ್‌ನ ಮನೆಗೆ ಹದಿನಾರು ವರ್ಷದಿಂದ ಯಾರೂ ಸಾಬೂನು ಕೊಂಡು ತಂದಿರಲಿಲ್ಲ. ಯಾರೂ ಎಂದರೆ ಇನ್ಯಾರು, ಹೆಂಡತಿ ತೀರಿಕೊಂಡ ಮೇಲೆ ಅಲ್ಲಿದ್ದವನು ಅವನೊಬ್ಬನೇ. ಸಾಬೂನು ಹಡಗಿನಿಂದ ಬರುತ್ತಿತ್ತು, ಗುರುವಾರ ಗುರುವಾರ, ಒಂದು ಕಾಲುಚೀಲದಲ್ಲಿ.

ಗ್ರೀಕರ ಕತಾಕೊಲೊ ಬಂದರಿನಲ್ಲಿ ಅವನದು ಹಗ್ಗ ಕಟ್ಟುವ ಕೆಲಸ. ಪ್ರವಾಸಿ ಹಡಗು ಧಕ್ಕೆಯ ಕಟ್ಟೆಗೆ ಹತ್ತಿರವಾದಾಗ ಮೇಲಿನಿಂದ ಬೆರಳುಗಾತ್ರದ ಹಗ್ಗವೊಂದನ್ನು ಎಸೆಯುತ್ತಾರೆ. ಅದನ್ನು ಹಿಡಿದು ಎಳೆದರೆ ಹಿಂದೆಯೇ ತೋಳುಗಾತ್ರದ್ದು ಬರುತ್ತದೆ. ದಪ್ಪದ್ದನ್ನು ಕಬ್ಬಿಣದ ಗೂಟಕ್ಕೆ ಹಾಕಿ ಸಣ್ಣದನ್ನು ಬಿಚ್ಚಿಬಿಟ್ಟರೆ ಹಡಗಿನವರು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಸಣ್ಣ ಹಗ್ಗದ ಇನ್ನೊಂದು ತುದಿ ಎಂದೂ ಹಡಗು ಬಿಟ್ಟು ಇಳಿಯುವುದಿಲ್ಲ, ಅದು ಆ ಕಸುಬಿನ ಮರ್ಯಾದೆ. ಕೈಜಾರಿ ಬಿಟ್ಟವನನ್ನು ಬಂದರಿನವರು ಒಂದು ವರ್ಷ ಆಡಿಕೊಳ್ಳುತ್ತಾರೆ. ಹಡಗು ಗುಜರಿಯಾಗಿ, ಒಡೆಯುವ ಕಡೆಗೆ ಕೊನೆಯ ಸಲ ಹೊರಟಾಗ ಮಾತ್ರ ಹಡಗಿನ ಕೆಲಸಗಾರರ ಮೇಸ್ತ್ರಿ ಅದನ್ನು ಪೂರ್ತಿ ದಡದವನ ಕೈಗೆ ಬಿಡುತ್ತಾನೆ ಎಂದು ಹಳಬರು ಹೇಳುತ್ತಿದ್ದರು. ಆರ್ಗಿರಿಸ್ ಅಂಥದ್ದನ್ನು ಕಂಡವನಲ್ಲ.

'ಲೆವಾಂತಾ' ಹಡಗಿನ ಮೇಸ್ತ್ರಿ ಫ್ರಾನೆ, ಕೋರ್ಚುಲಾ ದ್ವೀಪದವನು. ಹದಿನಾರು ವರ್ಷದ ಹಿಂದೆ ಒಂದು ಗುರುವಾರ ತಮಾಷೆಗೆಂದು ಹಗ್ಗದ ತುದಿಗೆ ಕಾಲುಚೀಲ ಕಟ್ಟಿ ಎಸೆದ, ಒಳಗೆ ಪ್ರವಾಸಿಗರ ಕೋಣೆಗಳಲ್ಲಿ ಮಿಕ್ಕ ಪುಟ್ಟ ಸಾಬೂನುಗಳು. ಮುಂದಿನ ವಾರ ಆರ್ಗಿರಿಸ್ ಅದೇ ಕಾಲುಚೀಲದಲ್ಲಿ ಒಣ ಅಂಜೂರ ತುಂಬಿ ಮೇಲಕ್ಕೆ ಕಳಿಸಿದ. ಸ್ನೇಹವೆಂದರೆ ಇಷ್ಟೇ. ವಾರಕ್ಕೆ ಮೂರು ನಿಮಿಷ, ಒಬ್ಬ ಮೇಲೆ, ಒಬ್ಬ ಕೆಳಗೆ, ಹರಕುಮುರುಕು ಇಟಾಲಿಯನ್ನಿನಲ್ಲಿ ಕೂಗಾಟ. ಹಡಗು ನಿಂತಿರುವಷ್ಟು ಹೊತ್ತೂ ಫ್ರಾನೆಗೆ ಬಣ್ಣ ಬಳಿಸುವ ಕೆಲಸ, ಇವನಿಗೆ ಬೇರೆ ಹಡಗಿನ ಹಗ್ಗ. ಒಂದೇ ಮೇಜಿಗೆ ಕೂತು ಒಂದು ತುತ್ತು ಉಂಡವರಲ್ಲ. ಫೋನ್ ನಂಬರನ್ನೂ ಕೇಳಿಕೊಂಡಿರಲಿಲ್ಲ. ಗುರುವಾರ ಬಂದೇ ಬರುವವನ ನಂಬರನ್ನು ಯಾವ ಬೆಪ್ಪ ಬರೆದಿಟ್ಟುಕೊಳ್ಳುತ್ತಾನೆ?

ಹದಿನೈದನೆಯ ವರ್ಷ, ಚಳಿಗಾಲಕ್ಕೆ ಮುಂಚಿನ ಕೊನೆಯ ಸುತ್ತಿನಲ್ಲಿ ಫ್ರಾನೆ ಮೇಲಿನಿಂದ ಒಂದು ಸುದ್ದಿ ಕೂಗಿದ. ಮುಂದಿನ ಅಕ್ಟೋಬರಿಗೆ ತನಗೆ ನಿವೃತ್ತಿ, ಕೊನೆಯ ಗುರುವಾರ ರಜೆ ಹಾಕಿ ಇಳಿದು ಬರುತ್ತೇನೆ, ಊಟ ಹಾಕು ಎಂದ. ಆರ್ಗಿರಿಸ್ ಆಕ್ಟೋಪಸ್ ಎಂದ. ವೈನಿನಲ್ಲಿ ಬೇಯಿಸಿದ್ದಾದರೆ ಮಾತ್ರ ಎಂದು ಅವನು ಕರಾರು ಹಾಕಿದ. ಆ ಚಳಿಗಾಲದಲ್ಲಿ ಇವನು ಎರಡನೆಯ ಕುರ್ಚಿಯ ಮುರಿದ ಕಾಲನ್ನು ಸರಿಮಾಡಿದ. ಎಂಟು ವರ್ಷದಿಂದ ಅದು ಮುರಿದೇ ಇತ್ತು, ಕೂರುವವರಿದ್ದರೆ ತಾನೇ.

ಮಾರ್ಚಿನಲ್ಲಿ ಲೋಕಕ್ಕೆಲ್ಲ ರೋಗ ಬಂತು, ಹಡಗುಗಳು ನಿಂತವು. ಹಡಗು ಏಜೆಂಟರ ಕಚೇರಿಯ ಪನೊರಿಯಾ ಗಾಜಿನ ಬಾಗಿಲಿಗೆ ಹಡಗು ಬರುವ ದಿನಗಳ ಹೊಸ ಪಟ್ಟಿ ಅಂಟಿಸಿದಳು, ಮೇ ತಿಂಗಳಿಂದ ಶುರು ಎಂದು. ಆರ್ಗಿರಿಸ್ ಕಾಲುಚೀಲ ತುಂಬಿಟ್ಟ. ಆಮೇಲೆ ಜುಲೈ ಎಂದು ಅಂಟಿಸಿದಳು. ಮೇ ತಿಂಗಳ ಅಂಜೂರಕ್ಕೆ ಹುಳ ಬಿದ್ದಿತ್ತು, ಬೇರೆ ತುಂಬಿದ. ಪಟ್ಟಿಯಲ್ಲಿ ಜುಲೈ ಹೋಗಿ ಸೆಪ್ಟೆಂಬರ್ ಆಯಿತು, ಅಂಜೂರವನ್ನು ಅವನೇ ತಿಂದ.

"ನಿಜವಾಗ್ಲೂ ಯಾವಾಗ, ಪನೊರಿಯಾ?" ಎಂದು ಒಂದು ದಿನ ಕೇಳಿದ.

"ನನ್ನ ಮುಖದ ಮೇಲೇನು ತಾರೀಕು ಬರ್ದಿದ್ಯಾ ಮಾವ? ಕಂಪನಿಯವರಿಗೇ ಗೊತ್ತಿಲ್ಲ."

"ಗೊತ್ತಿಲ್ಲ ಅಂತಾನೇ ಬರ್ದು ಅಂಟ್ಸು. ಸುಮ್ನೆ ಯಾಕೆ ಹಾಳೆ ದಂಡ ಮಾಡ್ತೀಯ?"

"ಹಂಗಂತ ಅಂಟ್ಸಿದ್ರೆ ನಾಳೆ ಈ ಬೀದೀಲಿ ಒಂದು ಅಂಗಡಿ ಬಾಗಿಲು ತೆಗೆಯಲ್ಲ," ಎಂದಳು ಅವಳು.

ಅವಳ ಮಾತು ಸುಳ್ಳಲ್ಲ. ಊರಿಗೆ ಊರೇ ಆ ಹಾಳೆಯನ್ನು ನಂಬಿ ಜೀವ ಹಿಡಿದುಕೊಂಡಿತ್ತು.

ಆಗಸ್ಟಿನಲ್ಲಿ ಲೆವಾಂತಾ ಬಂತು. ಪ್ರವಾಸಿಗರಿಲ್ಲ, ಬ್ಯಾಂಡಿಲ್ಲ. ಧಕ್ಕೆಯಿಂದ ಎರಡು ಮೈಲಿ ಆಚೆ ಲಂಗರು ಹಾಕಿ ನಿಂತುಬಿಟ್ಟಿತು, ಮೇಲೆ ನಲವತ್ತು ಜನ ಕೆಲಸದವರು. ಅವರು ಇಳಿಯುವಂತಿಲ್ಲ, ಇಲ್ಲಿಂದ ಯಾರೂ ಹೋಗುವಂತಿಲ್ಲ, ರೋಗದ ಕಾನೂನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಆರ್ಗಿರಿಸ್ ಸಂಜೆ ಸಂಜೆ ಗೂಟದ ಮೇಲೆ ಕೂತು, ಹಡಗಿನ ಮುಂಭಾಗದಲ್ಲಿ ಓಡಾಡುವ ಕಿತ್ತಳೆ ಬಣ್ಣದ ಚುಕ್ಕೆಗಳಲ್ಲಿ ಫ್ರಾನೆ ಯಾವುದೆಂದು ಹುಡುಕುತ್ತಿದ್ದ. ಹೆಂಡತಿ ಹೋದಾಗ ಊರೇ ಬಂದು ಪಕ್ಕದಲ್ಲಿ ಕೂತಿತ್ತು. ವಾರಕ್ಕೆ ಮೂರು ನಿಮಿಷದ ಗೆಳೆಯನಿಗಾಗಿ ದಿನಾ ಇಲ್ಲಿ ಬಂದು ಕೂರುತ್ತೇನೆ ಎಂದು ಯಾರ ಮುಂದೆ ಹೇಳುವುದು? ನಕ್ಕಾರು. ಅವನು ಅಷ್ಟು ಒಂಟಿಯಾಗಿ ಹಿಂದೆಂದೂ ಇದ್ದಿರಲಿಲ್ಲ.

ಅಕ್ಟೋಬರಿನ ಎರಡನೆಯ ವಾರ ಪನೊರಿಯಾ ಅವನನ್ನು ಕಚೇರಿಗೆ ಕರೆದಳು. ಲೆವಾಂತಾ ನಾಳೆ ಹೊರಡಲು ಕಾಗದ ಕೇಳಿದೆ, ಎಲ್ಲಿಗೆಂದು ತನಗೆ ತಿಳಿಸಿಲ್ಲ ಎಂದಳು. ಹೊಸ ಸುತ್ತು ಶುರುವಾಗುವುದಿದ್ದರೂ ಇರಬಹುದು, ಬರುವ ವರ್ಷದ ಪಟ್ಟಿಯಲ್ಲಿ ಹೆಸರಿದೆ ಎಂದೂ ಹೇಳಿ, ಗಾಜಿನ ಮೇಲಿನ ಹಾಳೆ ತೋರಿಸಿದಳು. ಏಪ್ರಿಲಿನಿಂದ ಪ್ರತಿ ಗುರುವಾರ.

ಮರುದಿನ ಬೆಳಿಗ್ಗೆ ಅವನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಾಲುಚೀಲಕ್ಕೆ ಹೊಸ ಅಂಜೂರ ತುಂಬಿ ಅಂಗಿಯೊಳಗೆ ಇಟ್ಟುಕೊಂಡು, ಹಗ್ಗದ ಕೆಲಸಕ್ಕಿದ್ದ ಬಂದರಿನ ದೋಣಿಯನ್ನು ಬಿಚ್ಚಿಕೊಂಡು ಹೊರಟ. ಹಡಗಿನ ಕೆಳಗೆ ನಿಂತು ಹೆಸರು ಹಿಡಿದು ಕೂಗಿದ. ಮೂರನೆಯ ಕೂಗಿಗೆ ಮೇಲೊಂದು ನರೆತ ತಲೆ ಕಂಡಿತು.

"ತಡ ಮಾಡ್ದೆ ಕಣೋ ಗ್ರೀಕ," ಎಂದ ಫ್ರಾನೆ. "ಎರಡು ತಿಂಗ್ಳಿಂದ ಕಾಯ್ತಿದೀನಿ."

"ಕಾನೂನು ಕಣಯ್ಯ."

"ಇವತ್ತೇನು, ಕಾನೂನಿಗೆ ರಜಾನಾ?"

ಹಗ್ಗ ಇಳಿಯಿತು, ಕಾಲುಚೀಲ ಏರಿತು. ಫ್ರಾನೆ ಅಲ್ಲೇ ಒಂದು ಅಂಜೂರ ಬಾಯಿಗೆ ಹಾಕಿಕೊಂಡ. ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು, ಹದಿನಾರು ವರ್ಷದಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಮೊಣಕಾಲು ನೋವಿನ ಮಾತು, ಹಡಗಿನ ಅಡಿಗೆಯವನ ಉಪ್ಪಿಲ್ಲದ ಸಾರಿನ ಮಾತು, ಸರಿಮಾಡಿದ ಕುರ್ಚಿಯ ಮಾತು. ಆಕ್ಟೋಪಸ್‌ಗೆ ವೈನ್ ಎಷ್ಟು ಹಾಕುತ್ತೀಯ ಎಂದು ಫ್ರಾನೆ ಎರಡು ಸಲ ಕೇಳಿದ.

ಕೊನೆಗೆ ಆರ್ಗಿರಿಸ್ ಕೇಳಿಯೇ ಬಿಟ್ಟ. "ಮತ್ತೆ ಯಾವಾಗ ಬರ್ತೀರೋ? ಪಟ್ಟೀಲಿ ಏಪ್ರಿಲ್ ಅಂತಿದೆ."

ಫ್ರಾನೆ ಹಗ್ಗವನ್ನು ಸುರುಳಿ ಮಾಡಿ ಮತ್ತೆ ಎಸೆದ. ಸಾಬೂನು ಬಂತೆಂದು ಆರ್ಗಿರಿಸ್ ಕೈಯೊಡ್ಡಿದ. ತುದಿಯ ಗಂಟು ಕೈಗೆ ಬಂತು, ಹಿಂದೆ ಹಗ್ಗ ಬಂತು, ಸುತ್ತು ಸುತ್ತಾಗಿ ದೋಣಿಯೊಳಗೆ ಬೀಳುತ್ತಲೇ ಹೋಯಿತು, ಕೊನೆಗೆ ಇನ್ನೊಂದು ತುದಿಯೂ ಪಕ್ಕದ ನೀರಿಗೆ ಬಿತ್ತು. ಕೈಜಾರಿತೇನೋ ಎಂದು ತಲೆಯೆತ್ತಿದ. ಫ್ರಾನೆ ಎರಡೂ ಖಾಲಿ ಕೈಗಳನ್ನು ಮೇಲೆತ್ತಿ ನಿಂತಿದ್ದ.

ದಡಕ್ಕೆ ಅರ್ಧ ದಾರಿ ಬಂದ ಮೇಲೆ ಆರ್ಗಿರಿಸ್‌ಗೆ ನೆನಪಾಯಿತು, ಈ ಸಲವೂ ನಂಬರು ಕೇಳಲಿಲ್ಲ. ದೋಣಿ ತಿರುಗಿಸಲಿಲ್ಲ. ಫೋನಿನಲ್ಲಾದರೆ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ, ಅವರ ಮಾತಿಗೆ ನಡುವೆ ಒಂದು ಹಗ್ಗ ಬೇಕಿತ್ತು. ಅವನು ಅಳುತ್ತ ದೋಣಿ ನಡೆಸಿದ, ನೋಡುವವರು ಯಾರೂ ಇರಲಿಲ್ಲ.

ಪನೊರಿಯಾ ಕಚೇರಿಯ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು ಮಾವ? ಏಪ್ರಿಲಿಗೆ ಬರ್ತಾರಂತಾ?"

ಅವನು ಹಗ್ಗದ ಒದ್ದೆ ಸುರುಳಿಯನ್ನು ಅವಳ ಮೇಜಿನ ಮೇಲಿಟ್ಟ. ಅವಳು ಬಂದರಿನಲ್ಲೇ ಹುಟ್ಟಿದವಳು. ಗಂಟಿನ ತುದಿ ಸಿಕ್ಕಿತು, ಸುರುಳಿಯೊಳಗೆ ಕೈಯಾಡಿಸಿ ಇನ್ನೊಂದನ್ನೂ ಹುಡುಕಿ ತೆಗೆದಳು. ಎರಡನ್ನೂ ಒಂದೇ ಕೈಯಲ್ಲಿ ಹಿಡಿದಳು. ಆಮೇಲೆ ಬಾಗಿಲಿಗೆ ಹೋಗಿ ಗಾಜಿನ ಮೇಲಿನ ಹಾಳೆಯನ್ನು ಕಿತ್ತಳು.