ಕಣ್ಣಿಗೆ ಚೌಕಾಸಿ ಮಾಡಿದ ದಿನ

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ ನಡೆದದ್ದು. ನಾನು ವಿಜಯಪುರ ಕಡೆಯವಳು. ಗಡಿ ದಾಟಿ ಬಂದು ಕಲ್ಯಾಣದಲ್ಲಿ ಮೂವತ್ತು ವರ್ಷದಿಂದ ತರಕಾರಿ ಮಾರುತ್ತೇನೆ. ಓದಿದ್ದು ಮೂರನೇ ತರಗತಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬದನೆಕಾಯಿಯಲ್ಲಿ ಹುಳುಕು ಯಾವುದು, ಒಳ್ಳೆಯದು ಯಾವುದು ಕಾಣುತ್ತಿರಲಿಲ್ಲ. ಗಿರಾಕಿಗಳು ಪಕ್ಕದ ಗಾಡಿಗೆ ಹೋದರು. ಹೀಗೇ ಆದರೆ ಮಾರುವುದು ಬಿಟ್ಟು ಮಗಳ ಮನೆಯ ಮೂಲೆ ಹಿಡಿಯಬೇಕಿತ್ತು. ಅದು ನನಗೆ ಬೇಡ.

ಅಳಿಯ ಸಾನಪಾಡಾದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಪರೀಕ್ಷೆ ಆದ ಮೇಲೆ ಕೌಂಟರಿನ ಹುಡುಗಿ ಹಿಂದಿಯಲ್ಲಿ ಒಂದು ಕಣ್ಣಿಗೆ ನಲವತ್ತು ಸಾವಿರ ಅಂದಳು.

"ಬೀಸ್ ಮೇ ದೇ", ಇಪ್ಪತ್ತಕ್ಕೆ ಕೊಡು, ಅಂದೆ. ಬಾಯಿಗೆ ಹಾಗೇ ಬಂತು. ಅವಳು ಆಗುವುದಿಲ್ಲ ಅಂದಳು. ನಾನು ಎದ್ದು, ನಮ್ಮ ಗಿರಾಕಿಗಳು ಮಾಡುವ ಹಾಗೆ, ಬಾಗಿಲವರೆಗೆ ಹೋಗಿ ನಿಂತೆ. ಯಾರೂ ಕರೆಯಲಿಲ್ಲ. ಸಾಲಿನಲ್ಲಿದ್ದವರು ನಕ್ಕರು. ಅಳಿಯ ತಲೆ ತಗ್ಗಿಸಿದ. ನನಗೆ ಸಿಟ್ಟು ಬಂತು.

"ಇವರ ಬಾಯಾಗ ಮಣ್ಣ ಹಾಕ" ಅಂದೆ.

"ಮಣ್ಣು ಆಮ್ಯಾಲ ಹಾಕೀರಂತ ಆಯಿ, ಮೊದಲ ಬಂದು ಕೂಡ್ರಿ" ಅಂದಳು ಅದೇ ಹುಡುಗಿ. ಕಲಬುರಗಿಯವಳಂತೆ.

"ರೇಟು ಯಾಕ ಇಷ್ಟು?"

"ಜಾಗದ ಬಾಡಿಗಿ, ಎಸಿ ರೂಮು, ಹೊರದೇಶದ ಲೆನ್ಸು, ಎಲ್ಲಾ ಇದರಾಗ ಬರ್ತದ. ಕಲ್ಯಾಣದ ಧರ್ಮಾಸ್ಪತ್ರಿಯೊಳಗ ಅರ್ಧ ಖರ್ಚು ಟ್ರಸ್ಟಿನವರೇ ಹೊರ್ತಾರ, ನಮ್ಮ ದೇಶದ್ದೇ ಲೆನ್ಸು ಹಾಕ್ತಾರ. ಎಂಟು ಸಾವಿರದಾಗ ಆಗ್ತದ."

"ಅಗ್ಗದ ಮಾಲಿನಾಗ ಹುಳುಕು ಇರ್ತೈತಿ. ನಾನೂ ಮಾರೀನಿ, ನನಗ ಗೊತ್ತೈತಿ."

ಅವಳು ದನಿ ಇಳಿಸಿದಳು. "ಇಲ್ಲಿ ಆಪರೇಶನ್ ಮಾಡೋ ಡಾಕ್ಟರೇ ಗುರುವಾರ ಅಲ್ಲಿಗೆ ಹೋಗ್ತಾರ. ಕೈ ಅದೇ. ನಾ ಹೇಳೀನಂತ ಯಾರಿಗೂ ಹೇಳಬ್ಯಾಡ್ರಿ, ನನ್ನ ನೌಕ್ರಿ ಹೋಗ್ತದ."

ಗುರುವಾರ ಹೋದೆ. ಡಾಕ್ಟರು ಅವರೇ, ಅಳಿಯ ಗುರುತು ಹಿಡಿದ. ತಲೆ ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು, ಅಷ್ಟೇ ವ್ಯತ್ಯಾಸ. ತಿಂಗಳ ಮೇಲೆ ಇನ್ನೊಂದು ಕಣ್ಣೂ ಆಯಿತು. ಮತ್ತೆ ಗಾಡಿ ಹಚ್ಚಿದೆ.

ಒಂದು ದಿನ ಬದನೆಕಾಯಿ ಚೀಲ ಹಿಡಿದು ಸಾನಪಾಡಾಕ್ಕೆ ಹೋದೆ. ಕೌಂಟರಿನಲ್ಲಿ ಮೂವರು ಹುಡುಗಿಯರು, ಒಂದೇ ಬಣ್ಣದ ಬಟ್ಟೆ. ಪೊರೆಗಣ್ಣಿಗೆ ಅವಳ ಮುಖ ಕಂಡಿರಲಿಲ್ಲ. ಕಲ್ಯಾಣಕ್ಕೆ ಕಳಿಸಿದವಳು ಯಾರು ಅಂತ ಕೇಳುವ ಹಾಗೂ ಇಲ್ಲ. ಮೂವರೂ ಹಂಚಿಕೊಳ್ಳಿ ಅಂತ ಚೀಲ ಇಟ್ಟು ಹೊರಟೆ.

"ಪುಕ್ಕಟಿ ಕೊಡ್ಲತ್ತೀರಿ, ಹುಳುಕು ಇಲ್ಲಲ್ಲ ಆಯಿ?"

ತಿರುಗಿದೆ. "ಒಂದೊಂದು ನೋಡಿ ಆರಿಸೀನವ್ವಾ" ಅಂದೆ.

ಉಬ್ಬು ಹಲ್ಲು, ಮೂಗಿನ ಮೇಲೆ ಮಚ್ಚೆ. ಚೆಲುವೆಯೇನಲ್ಲ. ಈ ಕಣ್ಣಿಂದ ದಿನಾ ನೂರು ಮುಖ ನೋಡುತ್ತೇನೆ, ನೆನಪಿಟ್ಟುಕೊಂಡದ್ದು ಅದೊಂದನ್ನೇ.