ನಿಶಾತ್ ಬಿಚ್ಚಿದ ಹೊಲಿಗೆ

ಮಳವಳ್ಳಿಯ ಪೇಟೆಬೀದಿಯಲ್ಲಿ ನಿಶಾತ್‌ಳದು ಬುಕ್ ಬೈಂಡಿಂಗ್ ಮತ್ತು ಫೋಟೊ ಫ್ರೇಮಿನ ಅಂಗಡಿ. ಕೆಲಸ ಕಲಿಸಿದ ಅಪ್ಪ ಅಫ್ಸರ್ ಪಾಷಾ ತೀರಿಕೊಂಡು ಆರು ವರ್ಷ. ಈಗ ಪುಸ್ತಕ ಹೊಲಿಸುವವರು ಕಡಿಮೆ, ಫ್ರೇಮಿನ ಕೆಲಸವೇ ಹೆಚ್ಚು.

ಹೋದ ವರ್ಷ ಹಲಗೂರಿನ ಪ್ರಸನ್ನ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದ. ನೂರೈವತ್ತು ವರ್ಷದ್ದು. ಒಳಗೆ ಇಪ್ಪತ್ತೆರಡು ಬಣ್ಣದ ಚಿತ್ರ: ಪೈನ್, ಫರ್, ದೇವದಾರು. ಸೂಜಿಯಂಥ ಎಲೆ, ಹುರುಪೆ ಹುರುಪೆಯಾದ ಕಾಯಿ. ಈ ಸೀಮೆಯಲ್ಲಿ ಕಾಣದ ಮರಗಳು.

"ಚಿತ್ರ ಅಷ್ಟೂ ಕತ್ತರ್ಸಿ ಫ್ರೇಮ್ ಹಾಕ್ಕೊಡಕ್ಕ. ಸೋಮನಹಳ್ಳೀಲಿ ಓಟ್ಲು ತೆಗೀತಾ ಇವ್ನಿ, ಗೋಡೆಗೆ ಬೇಕು."

ನಿಶಾತ್ ಪುಸ್ತಕ ತೆರೆದಳು. ಹಿಂದೊಮ್ಮೆ ರಿಪೇರಿಗೆ ಬಂದಾಗ ಹಾಕಿದ ಹೊಲಿಗೆ, ಅಪ್ಪನದು. ದಾರಕ್ಕೆ ಹಾಗೆ ಜೋಡಿ ಗಂಟು ಹಾಕುತ್ತಿದ್ದವರು ಅವರೊಬ್ಬರೇ. ಪುಸ್ತಕ ಪ್ರಸನ್ನನ ತಂದೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಶಿವರಾಮು ಮೇಷ್ಟ್ರದೆಂದು ನೆನಪಾಯಿತು.

"ಮೇಷ್ಟ್ರಿಗೆ ಗೊತ್ತಾ?"

"ಅವ್ರೇ ಕೊಟ್ಟಿದ್ದು ಕಣಕ್ಕ."

ನಂಬುವುದು ಸುಲಭವಾಗಿತ್ತು, ನಂಬಿದಳು. ಒಲ್ಲೆನೆಂದರೆ ಇವನೇ ಬ್ಲೇಡು ಹಾಕಿ ಹಾಳು ಮಾಡುತ್ತಾನೆ ಎಂದೂ ಅನ್ನಿಸಿತು. ದಾರ ಬಿಚ್ಚಿ ಒಂದೊಂದೇ ಹಾಳೆ ತೆಗೆಯಲು ಎರಡು ದಿನ ಹಿಡಿಯಿತು. ಮಿಕ್ಕ ಹಾಳೆಗಳು ಪ್ರಸನ್ನನಿಗೆ ಬೇಕಿರಲಿಲ್ಲ. ಎಸೆಯಲು ಮನಸ್ಸಾಗದೆ ಅವಳೇ ಇಟ್ಟುಕೊಂಡಳು.

ತಿಂಗಳ ಮೇಲೆ ಮೇಷ್ಟ್ರು ಬಸ್ಸಿಳಿದು ಕೋಲೂರಿಕೊಂಡು ಅಂಗಡಿಗೆ ಬಂದರು.

"ನನ್ನ ಮರದ ಪುಸ್ತಕ ಬೈಂಡಿಂಗ್‌ಗೆ ಕೊಟ್ಟಿದ್ದೀನಿ ಅಂದ ಮಗ. ಆಯ್ತಾ ತಾಯಿ?"

ನಿಶಾತ್ ಮಿಕ್ಕ ಹಾಳೆಗಳ ಕಟ್ಟನ್ನು ತಂದು ಮುಂದಿಟ್ಟು, ನಡೆದದ್ದನ್ನು ಹೇಳಿದಳು. ಮೇಷ್ಟ್ರು ಕಟ್ಟಿನ ಮೇಲೆ ಕೈಯಿಟ್ಟು ಕೂತರು.

"ಈ ಮರಗಳನ್ನ ನಾನು ಕಣ್ಣಾರೆ ಒಂದೂ ನೋಡಿಲ್ಲ. ಮೂವತ್ತು ವರ್ಷ ಇದನ್ನೇ ತೋರ್ಸಿ ಪಾಠ ಮಾಡ್ದೆ." ಆಮೇಲೆ ಕೇಳಿದರು: "ನಿಮ್ಮಪ್ಪ ಇದ್ದಿದ್ರೆ ಇದನ್ನ ಬಿಚ್ತಿದ್ನಾ?"

"ಇಲ್ಲ ಸಾ."

ಉಳಿದದ್ದನ್ನಾದರೂ ಹೊಲಿದುಕೊಡುತ್ತೇನೆಂದಳು. ಬೇಡವೆಂದರು. ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆಂದಳು. ಅದೂ ಬೇಡವೆಂದು, ಕಟ್ಟನ್ನು ಅಲ್ಲೇ ಬಿಟ್ಟು ಹೋದರು.

ಮರುವಾರ ನಿಶಾತ್ ಪ್ರಸನ್ನನ ಹೋಟೆಲಿಗೆ ಹೋಗಿ, ಚಿತ್ರ ವಾಪಸು ಕೊಡು, ಮತ್ತೆ ಹೊಲಿಯುತ್ತೇನೆ ಎಂದು ಬೇಡಿಕೊಂಡಳು.

"ಜನ ಇದ್ರ ಮುಂದೆ ನಿಂತು ಫೋಟೊ ತೆಗೆಸ್ಕೊತಾವ್ರೆ, ಹೆಂಗ್ ಕೊಡ್ಲಿ? ಬುಡಕ್ಕ," ಅಂದ ಪ್ರಸನ್ನ.

ದೇವದಾರಿನ ಮೇಲೆ ಪಡುವಣ ಬಿಸಿಲು ನೇರ ಬೀಳುತ್ತಿತ್ತು. ಹಸಿರು ಆಗಲೇ ಮಾಸತೊಡಗಿತ್ತು. ಬೇರೆ ಗೋಡೆಗೆ ಹಾಕು ಅಂದಳು. ಹೂಂ ಅಂದ, ಹಾಕಲಿಲ್ಲ.

ಮೇಷ್ಟ್ರು ಮತ್ತೆ ಅಂಗಡಿ ಕಡೆ ಬರಲಿಲ್ಲ. ಪುಸ್ತಕದಿಂದ ಚಿತ್ರ ತೆಗೆದುಕೊಡು ಅನ್ನುವವರನ್ನು ನಿಶಾತ್ ಈಗ ಹಾಗೇ ವಾಪಸು ಕಳಿಸುತ್ತಾಳೆ. ಕೆಲವರು ಹೊರಗೆ ನಿಂತು ಹಾಳೆ ಹರಿದುಕೊಂಡು ಬಂದು, "ಈಗ ಹಾಕಮ್ಮ," ಅನ್ನುತ್ತಾರೆ. ಹರಿದ ಅಂಚನ್ನು ಸರಿಮಾಡಿ ಫ್ರೇಮ್ ಹಾಕಿಕೊಡುತ್ತಾಳೆ.